ಗುಂಪಿನ ಕೊನೇ ಸೈಕಲ್ಲು

ಹೋದ ಭಾನುವಾರ ನಂದಿ ರೈಡಲ್ಲಿ ನಂದು ಸ್ವೀಪ್ ಡ್ಯೂಟಿ ಇತ್ತು. ಮನೆಗೆ ಬಂದಾಗ ಹನ್ನೆರಡೂವರೆ. ಅಮ್ಮ ಬಾಗಿಲಲ್ಲೇ ನಿಂತಿದ್ರು, "ಹಿಂದಿನ ರಸ್ತೆ ಹುಡುಗ ಹತ್ತಕ್ಕೇ ಬಂದ್ಬಿಟ್ಟ, ನೀನ್ಯಾಕೆ ಯಾವಾಗ್ಲೂ ಎಲ್ಲರಿಗಿಂತ ಕೊನೇಲಿ ಬರ್ತೀಯ" ಅಂದ್ರು. ಸ್ನಾನ ಮಾಡಿ ಊಟಕ್ಕೆ ಕೂತು ಅಮ್ಮಂಗೆ ಸ್ವೀಪ್ ಅಂದ್ರೇನು ಅಂತ ಹೇಳ್ತಾ ಹೇಳ್ತಾ ಇದನ್ನ ಬರೀಲೇಬೇಕು ಅನ್ನಿಸ್ತು. ಯಾಕಂದ್ರೆ ಸೈಕಲ್ ಕ್ಲಬ್ ಅಂದ ತಕ್ಷಣ ಎಲ್ಲರೂ ಕೇಳೋದು ಎಷ್ಟು ಸ್ಪೀಡು ಹೋಗ್ತೀರ, ಎಷ್ಟು ಕಿಲೋಮೀಟರು, ಸೈಕಲ್ಲಿಗೆ ಎಷ್ಟು ಕೊಟ್ರಿ ಅಂತ. ಹಿಂದೆ ಯಾರಿರ್ತಾರೆ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ಸ್ವೀಪ್ ಅಂದ್ರೆ ಇಷ್ಟೇ, ಗುಂಪಿನ ಕೊನೇ ಸೈಕಲ್ಲು. ಮುಂದೆ ಲೀಡ್ ಒಬ್ಬರು ಇರ್ತಾರೆ, ದಾರಿ ಗೊತ್ತಿರೋರು, ಪೇಸ್ ಇಟ್ಕೊಂಡು ಹೋಗೋರು. ಹಿಂದೆ ಸ್ವೀಪ್. ಯಾರಿಗೆ ಪಂಚರ್ ಆಗ್ಲಿ, ಚೈನ್ ಕಳಚ್ಲಿ, ಕಾಲು ಹಿಡ್ಕೊಳ್ಳಿ, ಸುಸ್ತಾಗಿ ಕೂತ್ಬಿಡ್ಲಿ, ಸ್ವೀಪ್ ಅವರನ್ನ ದಾಟಿ ಮುಂದೆ ಹೋಗೋ ಹಾಗಿಲ್ಲ. ಸ್ವೀಪ್ ಬಂದು ಸೇರಿದ್ರೆ ಎಲ್ಲರೂ ಬಂದ್ರು ಅಂತ ಲೆಕ್ಕ.

ನಂಗೆ ಇದು ಮೊದಲೇ ಗೊತ್ತಿತ್ತು, ಆದ್ರೆ ಸೈಕ್ಲಿಂಗಿಂದ ಅಲ್ಲ. ಅಪ್ಪ ಜಾಲಹಳ್ಳಿ ಎಚ್‌ಎಂಟಿಗೆ ಸೈಕಲ್ಲಲ್ಲೇ ಹೋಗಿ ಬರ್ತಿದ್ರು, ರಜೆ ದಿನ ನನ್ನನ್ನ ಮುಂದಿನ ಬಾರ್ ಮೇಲೆ ಟವೆಲ್ ಸುತ್ತಿ ಕೂರಿಸ್ಕೊಂಡು ಸುತ್ತಾಡಿಸೋರು. ರೈಲ್ವೆ ಗೇಟ್ ಹಾಕಿದ್ರೆ ಬೋಗಿ ಎಣಿಸೋದು ನನ್ನ ಕೆಲಸ. ಕೊನೇ ಬೋಗಿ ಹಿಂದೆ ಒಂದು ಬೋರ್ಡ್ ಇರುತ್ತೆ, ಎಲ್‌ವಿ ಅಂತ ಬರೆದಿರುತ್ತೆ ನೋಡಿ, ಲಾಸ್ಟ್ ವೆಹಿಕಲ್ ಅಂತ. ಸ್ಟೇಷನ್ನಿನವರು ಅದನ್ನ ನೋಡಿದ ಮೇಲೇನೇ ರೈಲು ಪೂರ್ತಿ ಬಂತು, ಮಧ್ಯದಲ್ಲಿ ಎಲ್ಲೂ ಬೋಗಿ ಕಳಚಿಕೊಂಡು ಉಳಿದಿಲ್ಲ ಅಂತ ತಿಳ್ಕೊಳ್ಳೋದು ಅಂತ ಅಪ್ಪ ಹೇಳಿದ್ರು. ಆ ವಯಸ್ಸಲ್ಲಿ ನಂಗೆ ಇಂಜಿನ್ನಿಗಿಂತ ಆ ಬೋರ್ಡೇ ದೊಡ್ಡದು ಅನ್ನಿಸಿತ್ತು. ಎಷ್ಟೋ ವರ್ಷ ಆದ್ಮೇಲೆ ಕ್ಲಬ್ಬಿಗೆ ಸೇರಿದಾಗ ಗೊತ್ತಾಯ್ತು, ಟೂರ್ ಡಿ ಫ್ರಾನ್ಸಲ್ಲಿ ಒಟ್ಟಾರೆ ಪಟ್ಟಿಯಲ್ಲಿ ಕೊನೇಲಿರೋ ರೈಡರಿಗೆ ಲಾಂಟೆರ್ನ್ ರೂಜ್ ಅಂತಾರಂತೆ, ಕೆಂಪು ಲಾಂದ್ರ ಅಂತ, ರೈಲಿನ ಕೊನೇ ಬೋಗಿಗೆ ತೂಗುಹಾಕ್ತಿದ್ದ ಕೆಂಪು ದೀಪದಿಂದ ಬಂದ ಹೆಸರು. ನಮ್ಮ ಲಾಂದ್ರ, ಅವರ ಲಾಂಟೆರ್ನ್, ಎರಡೂ ಒಂದೇ ಮನೆತನದ ಪದ.

ಈಗ ನನ್ನ ಮೊದಲನೇ ಗುಂಪಿನ ಕಥೆ ಹೇಳ್ಬೇಕು. ಈ ಕ್ಲಬ್ಬಿಗೆ ಮುಂಚೆ ಬೇರೆ ಒಂದು ಗುಂಪಿನ ಜೊತೆ ಒಂದೇ ಒಂದು ಸಲ ಹೋಗಿದ್ದೆ. ಅದರ ಹೆಸರು ಇಲ್ಲಿ ಬೇಡ. ದೊಡ್ಡಬಳ್ಳಾಪುರ ರಸ್ತೆ, ಬೆಳಿಗ್ಗೆ ಇನ್ನೂ ಕತ್ತಲು, ಹೊಸ ರೋಡ್ ಬೈಕು ನಂದು, ಅಂದ್ರೆ ತೆಳು ಟೈರಿನ ಸೈಕಲ್ಲು. ಯಲಹಂಕ ದಾಟೋವರೆಗೂ ಗುಂಪಲ್ಲೇ ಇದ್ದೆ, ಆಮೇಲೆ ಒಂದು ಹಂಪ್ಸ್ ಹತ್ರ ನಾಲ್ಕು ಸೈಕಲ್ಲಿನಷ್ಟು ಗ್ಯಾಪ್ ಬಿತ್ತು, ಆ ಗ್ಯಾಪ್ ಮುಚ್ಚೋಕೆ ಎಷ್ಟು ತುಳಿದ್ರೂ ಆಗ್ಲಿಲ್ಲ, ಎರಡು ನಿಮಿಷದಲ್ಲಿ ಅವರ ಕೆಂಪು ಲೈಟುಗಳು ಒಂದೊಂದೇ ತಿರುವಲ್ಲಿ ಮಾಯ ಆದ್ವು. ಯಾರೂ ಹಿಂದೆ ತಿರುಗಿ ನೋಡ್ಲಿಲ್ಲ. ಅರ್ಧ ಗಂಟೆ ಆದ್ಮೇಲೆ ಪಂಚರ್ ಬೇರೆ. ಟ್ಯೂಬ್ ಬದಲಾಯಿಸೋದು ಗೊತ್ತಿರಲಿಲ್ಲ. ಒಂದು ಹಾಲಿನ ಗಾಡಿಯವರು ಸೈಕಲ್ಲನ್ನ ಕ್ಯಾನುಗಳ ಪಕ್ಕ ಮಲಗಿಸ್ಕೊಂಡು ನನ್ನನ್ನ ಯಲಹಂಕಕ್ಕೆ ತಂದು ಬಿಟ್ರು, ದುಡ್ಡು ಕೊಡೋಕೆ ಹೋದ್ರೆ ತಗೊಳ್ಳಲಿಲ್ಲ. ಮಧ್ಯಾಹ್ನ ವಾಟ್ಸಾಪ್ ಗುಂಪಲ್ಲಿ ಎಲ್ಲರ ಫೋಟೋ ಬಂತು, ಸೂಪರ್ ರೈಡ್ ಅಂತ. ನಾನು ಇಲ್ಲ ಅನ್ನೋದು ಯಾರ ಗಮನಕ್ಕೂ ಬಂದಿರಲಿಲ್ಲ. ಸೈಕಲ್ಲನ್ನ ಮೂರು ತಿಂಗಳು ಬಾಲ್ಕನಿಯಲ್ಲೇ ಬಿಟ್ಟಿದ್ದೆ. ಆ ಬೇಜಾರು ಈಗ್ಲೂ ಪೂರ್ತಿ ಹೋಗಿಲ್ಲ.

ಆಗ ನಾನು ಅಂದ್ಕೊಂಡಿದ್ದು ನಂಗೆ ಶಕ್ತಿ ಇಲ್ಲ ಅಂತ. ಅದು ಅರ್ಧ ಮಾತ್ರ ನಿಜ, ಉಳಿದರ್ಧ ಗಾಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋಗ್ತಿದ್ರೆ ನಾವು ತುಳಿಯೋದ್ರಲ್ಲಿ ಹೆಚ್ಚಿನ ಪಾಲು ಗಾಳಿಯನ್ನ ಸೀಳೋದಕ್ಕೇ ಹೋಗುತ್ತೆ. ಸ್ಪೀಡು ಡಬಲ್ ಆದ್ರೆ ಗಾಳಿಯ ತಡೆ ನಾಲ್ಕು ಪಟ್ಟು, ಅದಕ್ಕೆ ಬೇಕಾಗೋ ಪವರ್ ಎಂಟು ಪಟ್ಟು. ಇನ್ನೊಬ್ಬರ ಚಕ್ರದ ಹಿಂದೇನೇ ಅಂಟಿಕೊಂಡು ಹೋದ್ರೆ, ಡ್ರಾಫ್ಟಿಂಗ್ ಅಂತೀವಲ್ಲ, ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ ಶ್ರಮ ಉಳಿಯುತ್ತೆ. ಅಂದ್ರೆ ಗುಂಪಿನಿಂದ ಕಳಚಿಕೊಂಡ ಆ ಕ್ಷಣದಿಂದ, ಗುಂಪಲ್ಲೇ ಸುಸ್ತಾದ ಮನುಷ್ಯನೇ, ಒಬ್ಬನೇ ಪೂರ್ತಿ ಗಾಳಿ ಎದುರಿಸ್ಬೇಕು, ಅದೂ ಗುಂಪಿಗಿಂತ ಜೋರಾಗಿ ತುಳಿದ್ರೆ ಮಾತ್ರ ವಾಪಸ್ ಸೇರೋದು. ಆಗುತ್ತಾ? ಆಗಲ್ಲ. ಇದರ ಮೇಲೆ ನಮ್ಮೂರಿನ ಹಂಪ್ಸು ಬೇರೆ. ಮುಂದಿನವರು ಹಂಪ್ಸ್ ದಾಟಿ ಸ್ಪೀಡ್ ಹಿಡಿಯೋ ಹೊತ್ತಿಗೆ ಹದಿನೈದನೆಯವರು ಇನ್ನೂ ಬ್ರೇಕ್ ಹಿಡ್ಕೊಂಡಿರ್ತಾರೆ, ಆಮೇಲೆ ಅವರು ಸ್ಪ್ರಿಂಟ್ ಹೊಡೆದ್ರೇನೇ ಗುಂಪು ಸಿಗೋದು, ಪ್ರತಿ ಹಂಪ್ಸಿಗೂ ಇದೇ. ಹಿಂದಿನವರು ನಿಧಾನ ಅಂತ ಬೈಯೋರು ಒಂದು ಭಾನುವಾರ ಗುಂಪಿನ ಬಾಲದಲ್ಲಿ ಕೂತು ನೋಡ್ಲಿ, ಎಷ್ಟು ಸಲ ಎದ್ದು ನಿಂತು ತುಳೀಬೇಕು ಅಂತ ಗೊತ್ತಾಗುತ್ತೆ.

ಈ ಕ್ಲಬ್ಬಿಗೆ ನನ್ನನ್ನ ಕರ್ಕೊಂಡು ಬಂದಿದ್ದು ನಮ್ಮ ಬಡಾವಣೆಯ ಒಬ್ರು ಅಂಕಲ್ಲು, ಬ್ಯಾಂಕಿಂದ ರಿಟೈರ್ ಆದೋರು. ಮೊದಲ ರೈಡ್ ಹೆಸರಘಟ್ಟ. ಅವತ್ತು ಪೂರ್ತಿ ನನ್ನ ಹಿಂದೆ ಚೈನಿನ ಕಿರ್ ಕಿರ್ ಸದ್ದು ಕೇಳಿಸ್ತಾನೇ ಇತ್ತು, ನಿಂತ್ರೆ ನಿಲ್ಲೋದು, ಹೊರಟ್ರೆ ಹೊರಡೋದು. ಒಂದು ಸಲ ಸಾರ್ ನೀವು ಹೋಗಿ ಪರವಾಗಿಲ್ಲ ಅಂದೆ. "ನಾನು ಹೋದ್ರೆ ಸ್ವೀಪ್ ಯಾರಮ್ಮ" ಅಂದ್ರು, ಅಷ್ಟೇ. ಆ ಒಂದು ಮಾತಿಗೆ ಆರು ವರ್ಷದಿಂದ ಈ ಕ್ಲಬ್ಬಲ್ಲೇ ಇದೀನಿ.

ಸರಿ, ಹೋದ ಭಾನುವಾರಕ್ಕೆ ಬರ್ತೀನಿ. ಬೆಳಿಗ್ಗೆ ಐದೂಕಾಲಿಗೆ ಯಲಹಂಕದಿಂದ ಹೊರಟ್ವಿ, ನಮ್ಮ ನಿಧಾನದ ಗುಂಪಲ್ಲಿ ಹನ್ನೊಂದು ಜನ. ಚಳಿ ಚೆನ್ನಾಗಿತ್ತು, ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳದ್ದೇ ರಾಜ್ಯ, ಆದಷ್ಟು ಸರ್ವಿಸ್ ರೋಡಲ್ಲೇ ಹೋಗೋದು ನಮ್ಮ ರೂಲು. ಹನ್ನೊಂದನೆಯವಳು ಹೊಸಬಳು, ಆಸ್ಪತ್ರೆಯಲ್ಲಿ ನರ್ಸು, ನೈಟ್ ಶಿಫ್ಟ್ ಇಲ್ಲದ ಭಾನುವಾರ ಸಿಕ್ಕಿದ್ದೇ ಅಪರೂಪ ಅಂದ್ಲು, ಹೈಬ್ರಿಡ್ ಸೈಕಲ್ಲು, ತಲೆಗೆ ಹೆಲ್ಮೆಟ್ ಕೆಳಗೆ ಉಣ್ಣೆ ಸ್ಕಾರ್ಫು. ದೇವನಹಳ್ಳಿವರೆಗೂ ಒಂದು ಮಾತಾಡ್ಲಿಲ್ಲ, ಬರೀ ಉಸಿರಾಟ. ಅಲ್ಲಿ ನಮ್ಮ ತಲೆ ಮೇಲೇ ಒಂದು ವಿಮಾನ ಇಳೀತು, ಅದನ್ನ ನೋಡೋಕೆ ಅಂತ ಸ್ವಲ್ಪ ನಿಧಾನ ಮಾಡಿದ್ವಿ, ಆಮೇಲೆ ಒಂದು ಕಿಲೋಮೀಟರ್ ಕೂಡ ಹೋಗಿಲ್ಲ, "ಅಕ್ಕಾ, ಸೈಕಲ್ ಯಾಕೋ ಕುಣೀತಿದೆ" ಅಂದ್ಲು. ಹಿಂದಿನ ಚಕ್ರ ಪಂಚರ್.

ಲೀಡ್‌ಗೆ ಫೋನ್ ಮಾಡಿ ನೀವು ಬೆಟ್ಟದ ಬುಡದಲ್ಲಿ ನಿಲ್ಲಿ ಅಂತ ಹೇಳಿ, ರಸ್ತೆಯಿಂದ ದೂರ ಒಂದು ಚಕ್ಕೋತ ಗಿಡ ಇದ್ದ ಕಾಂಪೌಂಡ್ ಹತ್ರ ಸೈಕಲ್ ಮಲಗಿಸಿದ್ವಿ. ನಾನು ಮಾಡಿಕೊಡಲ್ಲ, ಹೇಳ್ತಾ ಹೋಗ್ತೀನಿ, ನೀನೇ ಮಾಡು ಅಂದೆ. ಹೆದರಿದ್ಲು, ಆದ್ರೆ ಕೈ ಮಾತ್ರ ನಡುಗ್ಲಿಲ್ಲ, ದಿನಾ ಇಂಜೆಕ್ಷನ್ ಕೊಡೋ ಕೈ ಅಲ್ವಾ. ಹಿಂದಿನ ಗೇರನ್ನ ಎಲ್ಲಕ್ಕಿಂತ ಚಿಕ್ಕ ಹಲ್ಲುಚಕ್ರಕ್ಕೆ ತಂದು ಚಕ್ರ ಬಿಚ್ಚಿದ್ಲು. ಲಿವರ್ ಹಾಕಿ ಟೈರಿನ ಒಂದು ಕಡೆ ಅಂಚನ್ನ ಮಾತ್ರ ಹೊರಗೆ ತೆಗೆಸಿದೆ. ಟ್ಯೂಬನ್ನ ಎಳೆಯೋಕೆ ಮುಂಚೆ ವಾಲ್ವ್ ಎಲ್ಲಿತ್ತು ಅಂತ ಟೈರಿನ ಮೇಲೆ ಗುರುತು ಮಾಡಿಸಿದೆ. ಇದು ತುಂಬಾ ಜನ ಮಾಡಲ್ಲ. ಯಾಕೆ ಅಂದ್ರೆ, ಟ್ಯೂಬಿಗೆ ಗಾಳಿ ಹೊಡೆದು ತೂತು ಎಲ್ಲಿದೆ ಅಂತ ಸಿಕ್ಕ ಮೇಲೆ, ವಾಲ್ವಿಂದ ಎಷ್ಟು ದೂರ ಅಂತ ಅಳತೆ ಹಿಡಿದ್ರೆ ಟೈರಲ್ಲಿ ಚುಚ್ಚಿರೋ ವಸ್ತು ಎಲ್ಲಿದೆ ಅಂತ ನೇರವಾಗಿ ಗೊತ್ತಾಗುತ್ತೆ. ಅಲ್ಲಿ ನೀರಿನ ಬಕೆಟ್ ಎಲ್ಲಿಂದ ಬರ್ಬೇಕು, ಟ್ಯೂಬನ್ನ ತುಟಿ ಹತ್ರ ಹಿಡ್ಕೊಂಡು ನಿಧಾನಕ್ಕೆ ತಿರುಗಿಸು ಅಂದೆ. ಕಿವಿಗೆ ಕೇಳಿಸದ ಗಾಳಿನೂ ತುಟಿಗೆ ತಣ್ಣಗೆ ತಗಲುತ್ತೆ. ಒಂದು ಸುತ್ತು ಆಗೋಕೆ ಮುಂಚೆ "ಇಲ್ಲಿ, ಇಲ್ಲಿ" ಅಂದ್ಲು.

ಟೈರಿನ ಒಳಗೆ ಬೆರಳಾಡಿಸಿದ್ರೆ ಏನೂ ಇಲ್ಲ. ಹೊರಗೂ ಇಲ್ಲ. ಇಲ್ಲಿ ಎಷ್ಟೋ ಜನ ಹೊಸ ಟ್ಯೂಬ್ ಹಾಕಿ ಹೊರಟುಬಿಡ್ತಾರೆ, ಹತ್ತು ನಿಮಿಷಕ್ಕೆ ಅದೂ ಟುಸ್. ನನ್ನ ಕಾಟನ್ ಕರ್ಚೀಫ್ ಕೊಟ್ಟು ಇದನ್ನ ಒಳಗೆ ಒರೆಸ್ತಾ ಹೋಗು ಅಂದೆ. ಗುರುತಿನಿಂದ ಒಂದು ಗೇಣು ದೂರದಲ್ಲಿ ಬಟ್ಟೆಯ ಎಳೆ ಸಿಕ್ಕಿಹಾಕ್ಕೊಳ್ತು. ಲಾರಿ ಟೈರಿನ ತಂತಿ. ಹೈವೇಲಿ ಲಾರಿ ಟೈರ್ ಸಿಡಿದು ಚೂರುಚೂರಾಗಿ ಬಿದ್ದಿರುತ್ತಲ್ಲ, ಅದರೊಳಗಿನ ಉಕ್ಕಿನ ತಂತಿ ಬಿಡಿಬಿಡಿಯಾಗಿ ರಸ್ತೆ ಅಂಚಿಗೆ ಬಂದು ಸೇರುತ್ತೆ, ಅಂದ್ರೆ ಸರಿಯಾಗಿ ಸೈಕಲ್ ಹೋಗೋ ಜಾಗಕ್ಕೆ. ಕೂದಲಿಗಿಂತ ಸ್ವಲ್ಪ ದಪ್ಪ, ಅಕ್ಕಿಕಾಳಿನಷ್ಟೂ ಉದ್ದ ಇಲ್ಲ. ಟೂಲ್ ಪೌಚಲ್ಲಿ ಚಿಮುಟ ಇಟ್ಕೊಂಡಿರ್ತೀನಿ ಇದಕ್ಕೇ. ಚಿಮುಟದಲ್ಲಿ ಎಳೆದು ತನ್ನ ಅಂಗೈ ಮೇಲೆ ಇಟ್ಕೊಂಡು ಟಾರ್ಚ್ ಬೆಳಕಲ್ಲಿ ಎಷ್ಟು ಹೊತ್ತು ನೋಡಿದ್ಲು ಅಂದ್ರೆ ನಾನೇ ಬಾರಮ್ಮ ಹೊತ್ತಾಗುತ್ತೆ ಅನ್ಬೇಕಾಯ್ತು. ಬಿಸಾಕ್ಲಿಲ್ಲ, ಟಿಶ್ಯೂಲಿ ಸುತ್ತಿ ಜೇಬಿಗೆ ಹಾಕ್ಕೊಂಡ್ಲು.

ಆಮೇಲೆ ಇನ್ನೊಂದು ತೊಡಕು. ಅವಳ ಹತ್ರ ಸ್ಪೇರ್ ಟ್ಯೂಬ್ ಇಲ್ಲ, ನನ್ನ ಟ್ಯೂಬಿಗೆ ರೋಡ್ ಬೈಕಿನ ಸಣ್ಣ ವಾಲ್ವು, ಪ್ರೆಸ್ಟಾ. ಅವಳ ರಿಮ್ಮಿನ ತೂತು ಮೋಟರ್‌ಬೈಕಿನ ದೊಡ್ಡ ವಾಲ್ವಿನ ಸೈಜು. ಸಣ್ಣದು ದೊಡ್ಡದರಲ್ಲಿ ಹೋಗುತ್ತೆ, ಅಲ್ಲಾಡುತ್ತೆ ಅಷ್ಟೇ, ಕೆಳಗಿನ ಬಳೆ ಥರದ ನಟ್ಟನ್ನ ಬಿಗಿ ಮಾಡಿದ್ರೆ ಮನೆವರೆಗೂ ಬರುತ್ತೆ. ದೊಡ್ಡ ವಾಲ್ವು ಸಣ್ಣ ತೂತಿಗೆ ಹೋಗಲ್ಲ, ಅದನ್ನ ನೆನಪಿಟ್ಕೊಳ್ಳಿ. ಟ್ಯೂಬಿಗೆ ಮೊದಲು ಸ್ವಲ್ಪವೇ ಗಾಳಿ ತುಂಬಿ ಒಳಗೆ ಕೂರಿಸಿ, ಟೈರಿನ ಅಂಚಿನ ಕೆಳಗೆ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡಿದೆಯಾ ಅಂತ ಸುತ್ತಲೂ ನೋಡಿ, ಆಮೇಲೆ ಪೂರ್ತಿ ಗಾಳಿ. ಕೈಪಂಪಲ್ಲಿ 60 ಪಿಎಸ್‌ಐ ಬರೋಕೆ ಇಬ್ಬರೂ ಸರದಿ ಮೇಲೆ ಹೊಡೆದ್ವಿ. ಮೂವತ್ತೈದು ನಿಮಿಷ ಹೋಯ್ತು. ನಾನು ಮಾಡಿದ್ರೆ ಹತ್ತು ನಿಮಿಷ. ಆದ್ರೆ ಆ ಇಪ್ಪತ್ತೈದು ನಿಮಿಷ ವೇಸ್ಟ್ ಅಂತ ನಾನು ಯಾವತ್ತೂ ಒಪ್ಪಲ್ಲ, ನಂಗೆ ಅವತ್ತು ದೊಡ್ಡಬಳ್ಳಾಪುರ ರಸ್ತೆಯಲ್ಲಿ ಇದು ಗೊತ್ತಿದ್ದಿದ್ರೆ ಹಾಲಿನ ಗಾಡಿ ಹತ್ತಬೇಕಾಗಿರಲಿಲ್ಲ.

ಬೆಟ್ಟದ ಬುಡಕ್ಕೆ ಹೋದಾಗ ಏಳೂ ಮುಕ್ಕಾಲು. ಬಿಸಿಲು ಬಂದಿತ್ತು, ದ್ರಾಕ್ಷಿ ತೋಟದ ಬಲೆಗಳ ಮೇಲೆ ಇಬ್ಬನಿ ಇನ್ನೂ ಇತ್ತು. ಫಾಸ್ಟ್ ಗುಂಪಿನವರು ಹತ್ತಿ ಇಳಿದು ಆಗ್ಲೇ ವಾಪಸ್ ಹೊರಟಿದ್ರು, ನಮ್ಮನ್ನ ನೋಡಿ ಕೈ ಎತ್ತಿ ಹೋದ್ರು. ಅವರ ಬಗ್ಗೆ ಎರಡು ಮಾತು. ಎರಡು ವರ್ಷದ ಕೆಳಗೆ ಕ್ಲಬ್ಬಲ್ಲಿ ಇದರ ಮೇಲೆ ದೊಡ್ಡ ಜಗಳ ಆಗಿತ್ತು, ವಾರಕ್ಕೆ ಒಂದೇ ದಿನ ಸಿಗೋದು ಅದೂ ಕಾಯೋದ್ರಲ್ಲೇ ಕಳೆದುಹೋಗುತ್ತೆ ಅಂತ ಅವರು, ಕಾಯದಿದ್ರೆ ಕ್ಲಬ್ ಯಾಕೆ ಬೇಕು ಅಂತ ನಾವು, ವಾಟ್ಸಾಪಲ್ಲಿ ಮೂರು ದಿನ. ಅವರ ಮಾತಲ್ಲೂ ನ್ಯಾಯ ಇತ್ತು, ಈಗ ಹೇಳ್ತೀನಿ. ರೇಸಿಗೆ ತಯಾರಾಗೋರಿಗೆ ಜೋರಾಗಿ ತುಳಿಯೋ ಭಾನುವಾರ ಬೇಕೇ ಬೇಕು. ನಮ್ಮೂರಿನ ಅಮೆಚೂರ್ ರೇಸುಗಳಲ್ಲಿ ಓಡಿಸಿದ ನವೀನ್ ಜಾನ್ ನ್ಯಾಷನಲ್ ಟೈಮ್ ಟ್ರಯಲ್ ಚಾಂಪಿಯನ್ ಆದ್ರು, ವಿಜಯಪುರ ಬಾಗಲಕೋಟೆ ಕಡೆ ಮಕ್ಕಳು ಎಷ್ಟೋ ವರ್ಷದಿಂದ ರಾಜ್ಯಕ್ಕೆ ಮೆಡಲ್ ತರ್ತಿದ್ದಾರೆ, ಅದೆಲ್ಲ ಕಾಯ್ಕೊಂಡು ಕೂತು ಬಂದಿದ್ದಲ್ಲ. ಅದಕ್ಕೇ ಎರಡು ಗುಂಪು ಮಾಡಿದ್ವಿ. ಆದ್ರೆ ಒಂದು ಷರತ್ತು ಹಾಕಿದ್ವಿ, ಫಾಸ್ಟ್ ಗುಂಪಿನ ಪ್ರತಿಯೊಬ್ಬರೂ ಎರಡು ತಿಂಗಳಿಗೊಂದು ಸಲ ನಿಧಾನದ ಗುಂಪಿಗೆ ಸ್ವೀಪ್ ಮಾಡ್ಬೇಕು. ಮೊದಮೊದಲು ಗೊಣಗಾಡಿದ್ರು. ಈಗ ಆ ಗುಂಪಿನ, ಅಮ್ಮ ಹೇಳಿದ ಹಿಂದಿನ ರಸ್ತೆ ಹುಡುಗನಂಥ ಸ್ವೀಪ್ ನಮ್ಮಲ್ಲಿ ಇನ್ನೊಬ್ಬ ಇಲ್ಲ.

ನಂದಿ ಹತ್ತೋದು ಸುಮಾರು ಏಳೂವರೆಯಿಂದ ಎಂಟು ಕಿಲೋಮೀಟರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಚಿಲ್ಲರೆ, ನಂದಿ ತುದಿ 1478. ಮೊದಲರ್ಧ ಹೇಗೋ ಹೋಗುತ್ತೆ, ಕೊನೇ ಒಂದೆರಡು ಕಿಲೋಮೀಟರಲ್ಲಿ ತಿರುವಿಗೆ ತಿರುವು ಅಂಟಿಕೊಂಡು ರಸ್ತೆ ಕಡಿದಾಗಿ ಎದ್ದು ನಿಲ್ಲುತ್ತೆ. ಎರಡನೇ ಕಿಲೋಮೀಟರಲ್ಲೇ ಅವಳು ಎದ್ದು ನಿಂತು ತುಳೀತಿದ್ಲು, ಪೆಡಲ್ ಒಂದೊಂದು ಸುತ್ತಿಗೂ ಇಡೀ ಮೈ ಹಾಕ್ಬೇಕು ಅವಳು. ನೋಡಿದ್ರೆ ಮುಂದಿನ ಗೇರು ದೊಡ್ಡ ಹಲ್ಲುಚಕ್ರದಲ್ಲೇ ಇದೆ. ಎಡಗೈ ಗೇರ್ ಹಾಕಮ್ಮ ಅಂದ್ರೆ, ಅಕ್ಕ ಅದನ್ನ ನಾನು ಮುಟ್ಟೇ ಇಲ್ಲ, ಸೈಕಲ್ ತಗೊಂಡು ಎಂಟು ತಿಂಗಳಾಯ್ತು, ಕೆಟ್ಟುಹೋಗುತ್ತೇನೋ ಅಂತ ಭಯ ಅಂದ್ಲು. ಒಂದು ಕ್ಷಣ ಒತ್ತಡ ಬಿಟ್ಟು ಹಗುರಾಗಿ ತುಳೀತಾ ಒತ್ತು ಅಂದೆ. ಟಕ್ ಅಂತ ಚೈನು ಒಳಗಿನ ಚಿಕ್ಕ ಹಲ್ಲುಚಕ್ರಕ್ಕೆ ಬಿತ್ತು. ಕಾಲು ಗಿರ್ರಂತ ತಿರುಗೋಕೆ ಶುರುವಾಯ್ತು. "ಅಯ್ಯೋ ಇದು ಇಷ್ಟು ದಿನ ಇಲ್ಲೇ ಇತ್ತಾ ಅಕ್ಕ" ಅಂದ್ಲು.

ಹತ್ತೋವಾಗ ಸ್ವೀಪ್ ಮಾಡೋದು ಬೇರೇನೇ ಕೆಲಸ. ಪಕ್ಕದಲ್ಲೇ ಬಂದ್ರೆ ಅವರು ನಮ್ಮ ಜೊತೆ ಮಾತಾಡ್ಬೇಕು ಅಂತ ಉಸಿರು ಖರ್ಚು ಮಾಡ್ತಾರೆ. ಮುಂದೆ ಹೋದ್ರೆ ಹಿಡಿಯೋಕೆ ನೋಡ್ತಾರೆ. ಹಿಂದೆ, ಒಂದು ಹತ್ತು ಹನ್ನೆರಡು ಅಡಿ ದೂರ, ಚೈನಿನ ಸದ್ದು ಅವರಿಗೆ ಕೇಳಿಸೋವಷ್ಟು ಹತ್ರ, ಅಷ್ಟೇ ಇರ್ಬೇಕು. ಇನ್ನೊಂದು, ಇನ್ನೇನು ಬಂದೇಬಿಡ್ತು ಅಂತ ಸುಳ್ಳು ಹೇಳಬಾರದು. ನಾನು ಮೊದಲು ಹೇಳ್ತಿದ್ದೆ, ತಪ್ಪು. ಕಷ್ಟದಲ್ಲಿರೋರು ನಮ್ಮ ಮಾತಿನ ಮೇಲೆ ತಮ್ಮ ಶಕ್ತಿ ಪಾಲು ಮಾಡ್ಕೊಳ್ತಾರೆ, ತಿರುವು ದಾಟಿದ ಮೇಲೆ ಇನ್ನೊಂದು ತಿರುವು ಕಂಡ್ರೆ ಅಲ್ಲೇ ಕುಸೀತಾರೆ. ಅದಕ್ಕೆ ನಿಜವಾದ ಲೆಕ್ಕ ಹೇಳ್ತೀನಿ, ಇನ್ನು ಒಂದು ಕಿಲೋಮೀಟರ್ ಎಂಟುನೂರು ಮೀಟರ್, ಇಲ್ಲಿಂದ ಕಡಿದು, ಬೇಕಿದ್ರೆ ನಿಲ್ಲು ಅಂತ. ಮೂರು ಸಲ ನಿಂತ್ಲು. ಎರಡನೇ ಸಲ ಕಡಲೆ ಚಿಕ್ಕಿ, ಮೂರನೇ ಸಲ ಓಆರ್‌ಎಸ್ ನೀರು. ಒಂದು ಕೋತಿ ಚಿಕ್ಕಿ ಕವರನ್ನೇ ದಿಟ್ಟಿಸ್ತಾ ಗೋಡೆ ಮೇಲೆ ಕೂತಿತ್ತು, ಕವರ್ ಜೇಬಿಗೆ ಹಾಕ್ಕೊಂಡು ಬೇಗ ಹೊರಟ್ವಿ. ತಳ್ಕೊಂಡು ಹೋಗ್ಲಾ ಅಂತ ಒಂದು ಸಲ ಕೇಳಿದ್ಲು, ಹೋಗು ನಾನೂ ಇಳಿದು ತಳ್ತೀನಿ ಅಂದೆ, ಇಳೀಲಿಲ್ಲ.

ಮೇಲೆ ಹೋದಾಗ ಒಂಬತ್ತು ಕಳೆದಿತ್ತು. ನಮ್ಮ ಗುಂಪಿನವರೆಲ್ಲ ಅಲ್ಲೇ ಇದ್ರು, ಸೀಬೆಕಾಯಿಗೆ ಉಪ್ಪುಖಾರ ಹಾಕಿಸ್ಕೊಂಡು ನಿಂತಿದ್ರು. ಲೀಡ್ ನಮ್ಮಿಬ್ಬರನ್ನ ಬೆರಳಲ್ಲಿ ತೋರಿಸಿ "ಹತ್ತು, ಹನ್ನೊಂದು" ಅಂದ್ರು. ಅವಳು ಸೈಕಲ್ ಮೇಲೇ ಹ್ಯಾಂಡಲಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ಲು, ಅಳ್ತಿದ್ಲೋ ನಗ್ತಿದ್ಲೋ ಗೊತ್ತಾಗ್ಲಿಲ್ಲ, ನಾನು ಕೇಳೋಕೂ ಹೋಗಲಿಲ್ಲ.

ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ನಿನಗೇ ಏನಾದ್ರೂ ಆದ್ರೆ ನಿನ್ನ ಹಿಂದೆ ಯಾರಿರ್ತಾರೆ?" ಅಂತ. ನಿಜ ಹೇಳ್ಬೇಕು ಅಂದ್ರೆ ಅದು ನಂಗೂ ಹೊಳೆದಿರಲಿಲ್ಲ. ಹೈವೇಲಿ ಹಿಂದಿನಿಂದ ಬರೋ ಗಾಡಿಗೆ ಮೊದಲು ಕಾಣೋದು ಸ್ವೀಪೇ. ಬ್ರೆವೆಗಳಲ್ಲಿ, ಅಂದ್ರೆ ಇಷ್ಟು ಗಂಟೆಯೊಳಗೆ ಮುಗಿಸ್ಬೇಕು ಅನ್ನೋ ದೂರದ ರೈಡುಗಳಲ್ಲಿ, ಹೋಗೋರಿಗೆ ಹಿಂದಿನಿಂದ ಕಾಣಿಸ್ಕೊಳ್ಳೋ ಶಿಸ್ತು ಗೊತ್ತು, 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ ನಲವತ್ತು ಗಂಟೆ ಅಂತ ರಾತ್ರಿಯೆಲ್ಲ ತುಳಿಯೋರಿಗೆ ರಿಫ್ಲೆಕ್ಟರ್ ಜಾಕೆಟ್ಟು, ಹಿಂದಿನ ಲೈಟು ಕಡ್ಡಾಯ, ಹಿಂದೆ ಸಪೋರ್ಟ್ ಗಾಡಿ ಬರೋ ಹಾಗಿಲ್ಲ. ನಾನು ಮಾಡಿರೋದು 200 ಒಂದೇ. ಆ ಜಾಕೆಟ್ ಬೀರುವಲ್ಲಿ ಮಡಚಿಟ್ಟಿತ್ತು. ಅಮ್ಮಂಗೆ ಉತ್ತರ ಕೊಡೋ ಬದಲು ಎದ್ದು ಹೋಗಿ ಅದನ್ನ ತೆಗೆದು ಹೆಲ್ಮೆಟ್ ಜೊತೆ ನೇತುಹಾಕಿದೆ. ಕ್ಲಬ್ ಗುಂಪಲ್ಲಿ ಇನ್ಮೇಲೆ ಹೈವೇ ರೈಡಿಗೆ ಇಬ್ಬರು ಸ್ವೀಪ್ ಇರ್ಲಿ, ಹಗಲಲ್ಲೂ ಕೆಂಪು ಲೈಟ್ ಆನ್ ಇರ್ಲಿ ಅಂತ ಹಾಕಿದೆ. ಸಂಜೆಯೊಳಗೆ ಒಂಬತ್ತು ಜನ ಒಪ್ಪಿದ್ರು, ಅಂಕಲ್ ಮಾತ್ರ ಹಗಲಿನ ಲೈಟ್ ಬಗ್ಗೆ ಬ್ಯಾಟರಿ ಮುಗಿಯುತ್ತಮ್ಮ ಅಂದ್ರು, ನೋಡ್ಬೇಕು.

ಈ ಭಾನುವಾರ ಘಾಟಿ ಸುಬ್ರಹ್ಮಣ್ಯ. ಐದೂಕಾಲಿಗೆ ಯಲಹಂಕ, ಮಾಮೂಲಿ ಜಾಗ. ಹೊಸಬರು ಯಾರಾದ್ರೂ ಬರ್ತೀರ ಅಂದ್ರೆ ಹಿಂದಿನ ದಿನವೇ ಟೈರಿಗೆ ಗಾಳಿ ನೋಡ್ಕೊಳ್ಳಿ, ನಿಮ್ಮ ವಾಲ್ವ್ ಯಾವುದು ಅಂತ ತಿಳ್ಕೊಂಡು ಅದಕ್ಕೆ ಸರಿಹೋಗೋ ಟ್ಯೂಬ್ ಎರಡು ತನ್ನಿ.